ರಾಣಿಯ ಕಿವಿ ಮೇಲಿನ ತಕರಾರು

ಸುಂಟಿಕೊಪ್ಪದ ಪರಮೇಶಪ್ಪನಿಗೆ ಮದುವೆಯಾಗದೆ ಹೋದದ್ದಕ್ಕೆ ಒಂದು ಬೆಳ್ಳಿ ತಟ್ಟೆ ಕಾರಣ. ವಯಸ್ಸಿನಲ್ಲಿದ್ದಾಗ ಶನಿವಾರಸಂತೆ ಅನ್ನುವ ಊರ ಕಡೆ ಹೆಣ್ಣು ನೋಡಲು ಹೋಗಿದ್ದ. ಹೆಣ್ಣಿನ ತಂದೆ ಮನೆತನದ ಘನತೆ ಗೊತ್ತಾಗಲೆಂದು ಎಲೆ ಅಡಿಕೆಯನ್ನು ಬೆಳ್ಳಿ ತಟ್ಟೆಯಲ್ಲಿ ಇಟ್ಟು ತಂದರು. ಬೇರೆ ಯಾವ ಗಂಡಾದರೂ ತಲೆ ತಗ್ಗಿಸಿ ಒಂದೆಲೆ ಎತ್ತಿಕೊಂಡು ಅಡುಗೆಮನೆ ಬಾಗಿಲ ಕಡೆ ಕಳ್ಳನೋಟ ಬೀರುತ್ತಿದ್ದ. ಈ ಮಹರಾಯ ತಟ್ಟೆಯ ಅಂಚನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, "ಇದರಲ್ಲಿ ತಾಮ್ರ ಸ್ವಲ್ಪ ಜಾಸ್ತಿ ಆಯ್ತಲ್ಲ" ಅಂದ. ಹೇಳಿದ್ದು ನಿಜವೇ. ಆದರೆ ಅವತ್ತು ಉಪ್ಪಿಟ್ಟೂ ಹೊರಗೆ ಬರಲಿಲ್ಲ, ಹುಡುಗಿಯೂ ಬರಲಿಲ್ಲ. ಸುದ್ದಿ ಊರೂರು ಸುತ್ತಿದ ಮೇಲೆ ಅವನಿಗೆ ಹೆಣ್ಣು ತೋರಿಸುವ ಧೈರ್ಯವನ್ನು ಯಾರೂ ಮಾಡಲಿಲ್ಲ.

ಆ ನಾಲಿಗೆಯನ್ನು ಇಟ್ಟುಕೊಂಡೇ ಅವನು ಅರವತ್ತು ದಾಟಿದ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ಬೆಳ್ಳಿ ಅಂಗಡಿ, ಅದರ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ಮಂಚ. ಎಸ್ಟೇಟಿನ ಕೂಲಿ ಲೈನುಗಳ ಹೆಂಗಸರು ಕಾಲುಂಗುರಕ್ಕೆ, ಮಕ್ಕಳ ಗೆಜ್ಜೆಗೆ ಬರುತ್ತಿದ್ದರು. ಹಳೆಯ ನಾಣ್ಯ ಕೂಡಿಡುವ ಹುಚ್ಚಿನವರು ಮಾತ್ರ ಮೈಸೂರು, ಹಾಸನದಿಂದಲೂ ಬರುತ್ತಿದ್ದರು. ನಾಣ್ಯ ಎಷ್ಟು ಸವೆದಿದೆ, ಎಷ್ಟು ಉಳಿದಿದೆ ಅಂತ ನೋಡಿ ಅದಕ್ಕೊಂದು ಗ್ರೇಡ್ ಹೇಳುವುದರಲ್ಲಿ ಪರಮೇಶಪ್ಪನ ಕಣ್ಣು ಹೆಸರುವಾಸಿ. ನಾಲ್ಕು ಕೈ ದಾಟಿ ಬಂದರೂ ಚೆನ್ನಾಗಿ ಉಳಿದದ್ದು ವಿಎಫ್. ಕೈಗೆ ಸಿಕ್ಕಿದ್ದೇ ಕಡಿಮೆ ಅನ್ನುವಂತೆ ಇರುವುದು ಎಕ್ಸ್‌ಎಫ್. ಎರಡರ ನಡುವೆ ಇರುವುದು ಕೂದಲೆಳೆಯಷ್ಟು, ಆ ಕೂದಲೆಳೆಗಾಗಿ ಈ ಜನ ಊಟ ನಿದ್ದೆ ಬಿಡುತ್ತಾರೆ. ಎಂಥ ದೊಡ್ಡ ಮನುಷ್ಯ ಬಂದು ಎಷ್ಟೇ ಹಲ್ಲು ಗಿಂಜಿದರೂ ಪರಮೇಶಪ್ಪ ಒಂದು ಗ್ರೇಡ್ ಮೇಲೆ ಹೇಳಿದವನಲ್ಲ. ಜನ ಅವನನ್ನು ಮೆಚ್ಚುತ್ತಿದ್ದರು. ಮೆಚ್ಚಿ, ನಾಣ್ಯ ಜೇಬಿಗೆ ಹಾಕಿಕೊಂಡು, ಎದ್ದು ಹೋಗುತ್ತಿದ್ದರು.

ಹಾಗೆ ಎದ್ದು ಹೋಗದೆ ಕೂತವನು ಒಬ್ಬನೇ, ಪೂವಯ್ಯ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ಅವನ ತೋಟ. ಮನೆಯಲ್ಲಿ ಆ ಕಡೆಯ ಗೌಡರು ಆಡುವ ಅರೆಭಾಷೆ, ತೋಟದಲ್ಲಿ ಆಳುಗಳ ಜೊತೆ ಮಲಯಾಳ ತಮಿಳು, ಪರಮೇಶಪ್ಪನ ಎದುರು ಬರೀ ಜಗಳ. ಶುಕ್ರವಾರ ಮಡಿಕೇರಿ ಸಂತೆ. ಅವತ್ತು ಪರಮೇಶಪ್ಪ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತುತ್ತಿದ್ದ, ಪೂವಯ್ಯ ಜೀಪಿನಲ್ಲಿ ಬರುತ್ತಿದ್ದ, ಮಾರ್ಕೆಟ್ ಹತ್ತಿರದ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಇಬ್ಬರೂ ಮಧ್ಯಾಹ್ನದವರೆಗೆ ಕಾಫಿ ಕುಡಿಯುತ್ತಿದ್ದರು. ನಡುವೆ ಒಂದು ನಾಣ್ಯ. ವಿಕ್ಟೋರಿಯಾ ರಾಣಿಯ ಸಾವಿರದ ಎಂಟುನೂರ ಅರವತ್ತೆರಡರ ಬೆಳ್ಳಿ ರೂಪಾಯಿ.

ತಕರಾರು ಇದ್ದದ್ದು ರಾಣಿಯ ಕಿವಿಯ ಮೇಲೆ. ಅಲ್ಲಿ ಕೂದಲಿನ ಗೆರೆಗಳು ಸ್ವಲ್ಪ ಮಾಸಿದ್ದವು, ಒಂದು ಅಕ್ಕಿಕಾಳಿನಷ್ಟು ಜಾಗ.

"ಸವೆದಿದೆ ಕಣಯ್ಯ. ವಿಎಫ್" ಅನ್ನುತ್ತಿದ್ದ ಪರಮೇಶಪ್ಪ.

"ಸವೆದದ್ದಲ್ಲ ಮಾರಾಯ. ಟಂಕಸಾಲೆಯಲ್ಲಿ ಅಚ್ಚು ಸರಿಯಾಗಿ ಬಿದ್ದಿಲ್ಲ, ಅಷ್ಟೆ. ಹುಟ್ಟುವಾಗಲೇ ಹಾಗೆ ಉಂಟು. ಏಲಕ್ಕಿ ಮಾರಿದ ದುಡ್ಡಲ್ಲಿ ಬಂದ ದಿವಸವೇ ನನ್ನ ಅಜ್ಜ ಇದನ್ನು ತೆಗೆದಿಟ್ಟದ್ದು. ಎಕ್ಸ್‌ಎಫ್."

"ನಿಮ್ಮಜ್ಜನ ಕೈಗೆ ಬರೋ ಮುಂಚೆ ಎಷ್ಟು ಕೈ ದಾಟಿತ್ತು ಅಂತ ನಿಮ್ಮಜ್ಜನಿಗೇನು ಗೊತ್ತು?"

"ನನ್ನ ಅಜ್ಜನ ಸುದ್ದಿಗೆ ಬರಬೇಡ."

ಇದೇ ಮಾತು ಪ್ರತಿ ವಾರ, ವರ್ಷಗಟ್ಟಲೆ. ಪೂವಯ್ಯನಿಗೆ ಅದನ್ನು ಮಾರುವ ಯೋಚನೆ ಇರಲಿಲ್ಲ, ಪರಮೇಶಪ್ಪನಿಗೆ ಕೊಳ್ಳುವ ಯೋಚನೆ ಇರಲಿಲ್ಲ. ನೋಡುವವರಿಗೆ ಕೆಲಸವಿಲ್ಲದ ಮುದುಕರ ತಲೆಹರಟೆ ಅನ್ನಿಸಿದರೆ ಅದೂ ತಪ್ಪಲ್ಲ. ಆದರೆ ಪರಮೇಶಪ್ಪನ ವಾರದಲ್ಲಿ ಒಬ್ಬ ಮನುಷ್ಯ ಅವನ ಮುಖ ನೋಡಿ, ಅವನ ಮಾತು ಕೇಳಿಸಿಕೊಂಡು, ತಿರುಗಿಸಿ ಉತ್ತರ ಕೊಡುತ್ತಿದ್ದದ್ದು ಆ ಒಂದು ಟೇಬಲ್ಲಿನಲ್ಲಿ ಮಾತ್ರ.

ಒಂದು ಶುಕ್ರವಾರ ಮಾತು ಸ್ವಲ್ಪ ಬಿಸಿಯಾಯಿತು. "ನಿನ್ನ ಹತ್ರ ಭೂತಗನ್ನಡಿ ಉಂಟು, ಬುದ್ಧಿ ಇಲ್ಲ" ಅಂದುಬಿಟ್ಟ ಪೂವಯ್ಯ. "ನಿನ್ನ ಹತ್ರ ಎರಡೂ ಇಲ್ಲ" ಅಂದ ಪರಮೇಶಪ್ಪ. ಮುಂದಿನ ಶುಕ್ರವಾರ ಪೂವಯ್ಯ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಕೋಪ ಮಾಡಿಕೊಂಡಿದಾನೆ, ಮಾಡಿಕೊಳ್ಳಲಿ, ಅಂದುಕೊಂಡ ಪರಮೇಶಪ್ಪ. ಫೋನ್ ಅವನೇ ಮಾಡಲಿ ಅಂತ ಹಟ ಹಿಡಿದ. ಒಂದು ಸಲ ಕೈ ತಡೆಯದೆ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದ. ಶುಕ್ರವಾರ ಮಾತ್ರ ತಪ್ಪಿಸಲಿಲ್ಲ. ಅದೇ ಟೇಬಲ್ಲು, ಎದುರಿಗೆ ಖಾಲಿ ಕುರ್ಚಿ. ಒಂದು ದಿನ ಸಪ್ಲೈಯರನ್ನು ಕರೆದು, "ಏನಪ್ಪಾ ಇದು, ಕಾಫೀಲಿ ಚಿಕೋರಿ ಸುರಿದಿದೀರಲ್ಲ" ಅಂತ ಸುಮ್ಮನೆ ಕೆದಕಿದ. ಯಾರಾದರೂ ಇಲ್ಲ ಅನ್ನಲಿ ಅಂತ ಆಸೆ. "ಸಾರಿ ಸಾರ್, ಬೇರೆ ತರ್ತೇನೆ" ಅಂತ ಅವನು ಲೋಟ ಎತ್ತಿಕೊಂಡು ಹೋದ. ಅವತ್ತು ಪರಮೇಶಪ್ಪ ಬೇರೆ ಕಾಫಿಗೆ ಕಾಯಲಿಲ್ಲ. ಸುಂಟಿಕೊಪ್ಪಕ್ಕೆ ಬಂದು ಕೋಣೆ ಬಾಗಿಲು ತೆಗೆದಾಗ, ಬೆಳಗ್ಗೆಯಿಂದ ತಾನು ಕಂಡಕ್ಟರು, ಸಪ್ಲೈಯರನ್ನು ಬಿಟ್ಟು ಯಾರ ಹತ್ತಿರವೂ ಮಾತಾಡಿಲ್ಲ ಅಂತ ಹೊಳೆಯಿತು. ಒಂಟಿ ಬಾಳು ಅವನಿಗೆ ಹೊಸದಲ್ಲ, ಆದರೆ ಅದು ನೋಯುತ್ತದೆ ಅಂತ ಗೊತ್ತಾದದ್ದು ಆಗ.

ಕಾಫಿ ಕುಯಿಲಿನ ಕಾಲದಲ್ಲಿ ಒಂದು ಬೆಳಗ್ಗೆ ಪೂವಯ್ಯನ ಹೆಂಡತಿ ಯಮುನ ಫೋನ್ ಮಾಡಿದಳು. "ಪರಮೇಶಣ್ಣಾ, ಒಮ್ಮೆ ಮನೆ ಕಡೆ ಬನ್ನಿ. ಅವರು ಕರೀತಿದ್ದಾರೆ. ಆ ರೂಪಾಯಿ ನೋಡ್ಲಿಕ್ಕಂತೆ."

"ವಿಎಫ್ ಅಂತ ಒಪ್ಪಿದ್ನಾ?" ಅಂತ ಬಾಯಿಗೆ ಬಂದದ್ದನ್ನು ಕೇಳಿಯೇಬಿಟ್ಟ ಪರಮೇಶಪ್ಪ. ಯಮುನ ನಗಲಿಲ್ಲ. ಬನ್ನಿ ಅಂತ ಇನ್ನೊಂದು ಸಲ ಹೇಳಿ ಫೋನ್ ಇಟ್ಟಳು.

ಇವನೋ ಗೆದ್ದವನ ಹಾಗೆ ಹೊರಟ. ಒಗೆದ ಪಂಚೆ ಉಟ್ಟ, ಭೂತಗನ್ನಡಿ ಒರೆಸಿ ಜೇಬಿಗಿಟ್ಟ, ದಾರಿಯಲ್ಲಿ ಮಡಿಕೇರಿಯಲ್ಲಿ ಇಳಿದು ಪೂವಯ್ಯನಿಗೆ ಇಷ್ಟವಾದ ಖಾರ ಕಡ್ಡಿ ಕಟ್ಟಿಸಿಕೊಂಡ. ಬಸ್ಸು ಇಳಿದರೆ ತೋಟದ ಗೇಟಿನ ಹತ್ತಿರ ಯಮುನ ನಿಂತಿದ್ದಳು, ಪಕ್ಕದಲ್ಲಿ ತೋಟ ನೋಡಿಕೊಳ್ಳುವ ಮಗ ದೀಕ್ಷಿತ್. ಇಬ್ಬರ ಮುಖ ನೋಡಿದ ಮೇಲೆ ಪರಮೇಶಪ್ಪನ ಕಾಲು ನಿಧಾನವಾಯಿತು.

ಪೂವಯ್ಯನದು ಸಿಟ್ಟಲ್ಲ, ಕಾಯಿಲೆ. ಕೊನೆಯ ಶುಕ್ರವಾರದ ಮರುದಿನವೇ ಹೊಟ್ಟೆನೋವೆಂದು ಮಲಗಿದ್ದ. ಆಮೇಲೆ ಮೈಸೂರಿನ ಆಸ್ಪತ್ರೆ, ಪರೀಕ್ಷೆ, ಮತ್ತೆ ಪರೀಕ್ಷೆ. ಪಿತ್ತಕೋಶದಲ್ಲಿ ಕ್ಯಾನ್ಸರ್ ಗಡ್ಡೆ, ಈಗ ಲಿವರಿಗೂ ಹರಡಿದೆಯಂತೆ. ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದಾರೆ.

"ಅವರಿಗೆ ಹೇಳಿಲ್ಲ" ಅಂದಳು ಯಮುನ. "ಅಲ್ಸರ್ ಅಂತ ಹೇಳಿದ್ದೇವೆ. ನಾವ್ಯಾರೂ ಈಗ ಅವರಿಗೆ ಎದುರು ಮಾತಾಡುದಿಲ್ಲ ಪರಮೇಶಣ್ಣಾ. ಹೇಳಿದ್ದಕ್ಕೆಲ್ಲ ಹೂಂ ಅಂತೇವೆ. ನೀವೂ ಅಷ್ಟೆ, ಆ ರೂಪಾಯಿ ವಿಷಯದಲ್ಲಿ ಒಂದು ಮಾತು ಒಪ್ಪಿಬಿಡಿ. ಸಮಾಧಾನದಲ್ಲಿ ಇರ್ಲಿ."

ಇಷ್ಟು ತಿಂಗಳು ಪೂವಯ್ಯ ಆಸ್ಪತ್ರೆಯಲ್ಲಿ ನರಳುತ್ತಿದ್ದಾಗ ತಾನು ಹೋಟೆಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆನಲ್ಲ ಅಂತ ಪರಮೇಶಪ್ಪನ ಮೈಯನ್ನೆಲ್ಲ ನಾಚಿಕೆ ಸುಟ್ಟಿತು. "ಆಯ್ತು ಕಣಮ್ಮ" ಅಂದ. ಬೇರೇನು ಅನ್ನಲು ಆಗುತ್ತಿತ್ತು?

ಕಣದಲ್ಲಿ ಕಾಫಿ ಹರವಿದ್ದರು. ಜಗಲಿಯ ಆರಾಮಕುರ್ಚಿಯಲ್ಲಿ ಪೂವಯ್ಯ ಇದ್ದ, ಅಂದರೆ ಅವನ ಶರ್ಟು ಇತ್ತು, ಒಳಗೆ ಅವನು ಎಲ್ಲೋ ಸ್ವಲ್ಪ. ಕಣ್ಣು ಹಳದಿಯಾಗಿತ್ತು. ಪರಮೇಶಪ್ಪನನ್ನು ಕಂಡವನೇ, "ಬಂದ್ಯಾ ಶನಿಯೇ. ಬಾ, ಕೂತ್ಕೋ" ಅಂದ. ಆ ಬೈಗುಳ ಕೇಳಿ ಪರಮೇಶಪ್ಪನಿಗೆ ಕಣ್ಣು ತುಂಬಿ ಬಂತು, ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ.

"ಹೇಗಿದೀಯ?"

"ಅಲ್ಸರ್ ಅಂತೆ." ಪೂವಯ್ಯ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕಾಯಿಲೆ ನನಗೋ ಈ ಮನೆಯವರಿಗೋ ಗೊತ್ತಾಗುದಿಲ್ಲ ಮಾರಾಯ. ಹೆಂಡ್ತಿ ಬೈಯುದು ಬಿಟ್ಟಿದ್ದಾಳೆ. ಮೊನ್ನೆ ಸಾರಿಗೆ ಉಪ್ಪು ಹೆಚ್ಚಾಯ್ತು ಅಂದೆ, ಹೌದು ಅಂದ್ಳು. ಸ್ವಲ್ಪ ಹೊತ್ತು ಬಿಟ್ಟು ಉಪ್ಪೇ ಇಲ್ಲ ಅಂದೆ, ಅದಕ್ಕೂ ಹೌದು ಅಂದ್ಳು. ಮಗನಿಗೆ, ಕಾಫಿ ಹಣ್ಣು ಗಿಡದಲ್ಲಿರುವಾಗಲೇ ಗಿಡ ಕಡಿಸು ಅಂತ ಹೇಳಿದೆ. ಯಾರಾದ್ರೂ ಬುದ್ಧಿ ಇದ್ದವನು ಕೇಳ್ತಾನಾ? ಆಯ್ತಪ್ಪಾ ಅಂದ! ಬೇಲಿ ವಿಷಯದಲ್ಲಿ ಕೋರ್ಟಿಗೆ ಹೋದ ಪಕ್ಕದ ತೋಟದವನು ಕಿತ್ತಳೆ ಹಣ್ಣು ತಂದು ಕೊಟ್ಟು ಹೋದ."

ಪರಮೇಶಪ್ಪ ನಕ್ಕ ಹಾಗೆ ಮಾಡಿದ. ಪೂವಯ್ಯ ನಗಲಿಲ್ಲ. ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಂದ ಬಟ್ಟೆಗಂಟು ತೆಗೆದು, ಬಿಚ್ಚಿ, ರೂಪಾಯಿಯನ್ನು ಅಂಗೈಯಲ್ಲಿ ಮುಂದೆ ಚಾಚಿದ.

"ನೋಡು. ಸರಿಯಾಗಿ ನೋಡು. ನೋಡಿ ಹೇಳು."

ಪರಮೇಶಪ್ಪ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ತಿರುಗಿದ. ಭೂತಗನ್ನಡಿ ಕಣ್ಣಿಗಿಟ್ಟ. ಒಪ್ಪುವುದೇ ಆದರೆ ಸುಳ್ಳು ಹೇಳದೆ ಒಪ್ಪುವ ಹಾಗಾಗಲಿ ಅಂತ ಅವನ ಆಸೆ. ಇಷ್ಟು ವರ್ಷ ತನ್ನದೇ ತಪ್ಪಾಗಿರಲಿ, ಇವನದೇ ಸರಿಯಾಗಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡ. ಬದುಕಿನಲ್ಲಿ ಮೊದಲ ಸಲ ಅವನಿಗೆ ಸೋಲುವ ಹಂಬಲ ಹುಟ್ಟಿತ್ತು.

ನಾಣ್ಯವನ್ನು ಮೆಲ್ಲಗೆ ವಾಲಿಸಿದ. ಅಚ್ಚು ಬೀಳದ ಜಾಗವಾದರೆ ಹೊಳಪು ಅದರ ಮೇಲೂ ಹರಿದು ಹೋಗಬೇಕು, ಸವೆದ ಜಾಗವಾದರೆ ಹೊಳಪು ಅಲ್ಲಿಗೆ ಬಂದು ಸಾಯುತ್ತದೆ. ಬೆಳಕು ರಾಣಿಯ ಕೆನ್ನೆಯ ಮೇಲಿಂದ ಜಾರಿ, ಕಿವಿಯ ತನಕ ಬಂದು, ನಿಂತಿತು. ಆ ಅಕ್ಕಿಕಾಳಿನಷ್ಟು ಜಾಗ ಬೂದುಬಣ್ಣಕ್ಕೆ ತಿರುಗಿ ಮಂಕಾಗಿ ಕೂತಿತ್ತು. ಹಿಂಬದಿಯನ್ನೂ ನೋಡಿದ. ಅಚ್ಚು ಸರಿಯಾಗಿ ಬೀಳದಿದ್ದರೆ ಅದೇ ಜಾಗದ ಹಿಂದೆ ಕೆತ್ತಿದ ಬಳ್ಳಿಯ ಎಲೆಯೂ ಮಸುಕಾಗಿರಬೇಕಿತ್ತು. ಎಲೆಯ ನರಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಯಮುನಳ ಸೆರಗು ಕಂಡಿತು.

ಪರಮೇಶಪ್ಪ ಭೂತಗನ್ನಡಿ ಇಳಿಸಿದ. "ಎಕ್ಸ್‌ಎಫ್" ಅಂದ. "ನೀನು ಹೇಳಿದ್ದೇ ಸರಿ ಕಣಯ್ಯ. ಅಚ್ಚು ಬಿದ್ದಿಲ್ಲ. ನಾನೇ ಇಷ್ಟು ದಿನ ತಪ್ಪು ನೋಡಿದೆ."

ಪೂವಯ್ಯನ ಮುಖ ಅರಳುತ್ತದೆ ಅಂದುಕೊಂಡಿದ್ದ. ಅರಳಲಿಲ್ಲ. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ.

"ನಿಂಗೂ ಹೇಳಿದ್ರಾ?"

"ಏನು?"

"ಎಲ್ಲರೂ ಹೂಂ ಹೂಂ ಅಂತ ಇದ್ದಾರೆ, ಯಾಕೆ ಅಂತ ಕೇಳಿದ್ರೆ ಅಲ್ಸರ್ ಅಂತಾರೆ. ಹೆಂಡ್ತಿ ಮಕ್ಕಳು ಪ್ರೀತಿಗೆ ಸುಳ್ಳು ಹೇಳ್ಬಹುದು. ನೀ ಹೇಳುದಿಲ್ಲ ಅಂತ ನಂಬಿದ್ದೆ. ಪರಮೇಶ ಬಂದು ವಿಎಫ್ ಅಂದ್ರೆ ನನಗೆ ಎಂತದ್ದೂ ಇಲ್ಲ, ನಾಲ್ಕು ದಿನದಲ್ಲಿ ಎದ್ದು ಓಡಾಡ್ತೇನೆ ಅಂತ ಲೆಕ್ಕ. ಎಕ್ಸ್‌ಎಫ್ ಅಂದ್ರೆ ಮುಗೀತು ಅಂತ ಲೆಕ್ಕ. ಅದಕ್ಕೇ ಕರೆಸಿದ್ದು."

"ಅಯ್ಯೋ, ತಮಾಷೆಗೆ ಅಂದೆ ಕಣೋ..."

"ನೀ ಯಾವಾಗ ತಮಾಷೆ ಮಾಡಿದ್ದು? ಹೆಣ್ಣು ನೋಡ್ಲಿಕ್ಕೆ ಹೋದ ಮನೆಯಲ್ಲೂ ಮಾಡಿದವನಲ್ಲ." ಕಣ್ಣು ತೆರೆದ. "ಎಷ್ಟು ದಿವಸ ಅಂದಿದ್ದಾರೆ?"

ಜೀವಮಾನವೆಲ್ಲ ನಿಜ ಹೇಳಿ ಊಟ, ಹೆಣ್ಣು, ನೆಂಟರು ಎಲ್ಲವನ್ನೂ ಕಳೆದುಕೊಂಡ ಮನುಷ್ಯ, ಹೇಳಲೇಬಾರದ ಒಂದು ಸುಳ್ಳನ್ನು ಹೇಳಿ ಗೆಳೆಯನಿಗೆ ಸಾವಿನ ಸುದ್ದಿ ಮುಟ್ಟಿಸಿದ್ದ. ಇನ್ನೊಂದು ಸುಳ್ಳಿಗೆ ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

"ಗೊತ್ತಿಲ್ಲ ಕಣೋ. ಜಾಸ್ತಿ ಇಲ್ಲ ಅಂತೆ."

ಕಣದಲ್ಲಿ ಯಾರೋ ಕಾಫಿ ಕೆದಕುವ ಸದ್ದು ಬರುತ್ತಿತ್ತು. ಪೂವಯ್ಯ ಅದನ್ನೇ ಕೇಳುತ್ತಿರುವಂತೆ ಕೂತಿದ್ದ. ಅವನ ಕೆನ್ನೆಯ ಮೇಲೆ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. ಪರಮೇಶಪ್ಪ ಕುರ್ಚಿಯ ಕೈಯನ್ನು ಹಿಡಿದುಕೊಂಡ. ಗೆಳೆಯನ ಕೈ ಹಿಡಿಯುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

"ಈಗ ನಿಜ ಹೇಳು. ರೂಪಾಯಿ?"

"ವಿಎಫ್" ಅಂದ ಪರಮೇಶಪ್ಪ. "ಸವೆದದ್ದು. ಯಾವತ್ತಿದ್ರೂ ವಿಎಫ್ಫೇ."

"ನಿನ್ನ ತಲೆ!" ಪೂವಯ್ಯ ಎದ್ದು ಕೂತ. ದನಿ ಎಲ್ಲಿಂದ ಬಂತೋ. "ಹೊಳಪು ಉಂಟಲ್ಲ, ಕಾಣುದಿಲ್ವಾ?"

"ಕೆನ್ನೆ ಮೇಲಿದೆ, ಕಿವಿ ಮೇಲಿಲ್ಲ. ಹಿಂದಿನ ಎಲೆ ನೋಡು, ಒಂದು ನರ ಹೋಗಿಲ್ಲ. ಅಚ್ಚು ಬೀಳದಿದ್ರೆ ಎಲೆ ಹೆಂಗೆ ಉಳೀತು? ಹೇಳು ನೋಡಾಣ!"

"ಎಲೆಗೂ ಕಿವಿಗೂ ಎಂತ ಸಂಬಂಧ?"

"ನಿಮ್ಮಜ್ಜನ್ನ ಕೇಳು ಹೋಗು!"

ಕೂಗಾಟ ಕೇಳಿ ಯಮುನ ಓಡಿ ಬಂದಳು. "ಎಂತ ಪರಮೇಶಣ್ಣಾ ಇದು, ನಾನು ಅಷ್ಟು ಹೇಳಿಯೂ..." ಅಂತ ಅವಳ ಮಾತು ಅರ್ಧಕ್ಕೆ ನಿಂತಿತು. ಗಂಡ ಕೆಮ್ಮುತ್ತಾ, ಏದುಸಿರು ಬಿಡುತ್ತಾ, ರೂಪಾಯಿಯನ್ನು ಪರಮೇಶಪ್ಪನ ಮೂಗಿಗೆ ಹಿಡಿದಿದ್ದ.

"ನೀ ಒಳಗೆ ಹೋಗು. ನಂಗೆ ಎಲ್ಲ ಗೊತ್ತಾಯ್ತು. ಈಗ ಜಗಳ ಮಾಡ್ತಿದ್ದೇವೆ."

ಯಮುನ, "ಜಗಳ ಮಾಡುದಾದ್ರೆ ಶಾಲು ಹೊದ್ದು ಮಾಡಿ! ಕೂಗಿ ಕೂಗಿ ಕೆಮ್ಮು ಬರ್ಸಿಕೊಂಡು ರಾತ್ರಿಯೆಲ್ಲ ನನ್ನ ಪ್ರಾಣ ತೆಗೀಲಿಕ್ಕೆ!" ಅಂತ ಗಂಡನನ್ನು ಬೈದಳು. ಬೈಯುತ್ತಾ ಬೈಯುತ್ತಾ ಅಳತೊಡಗಿದಳು. ಪೂವಯ್ಯ ಅವಳ ಸೆರಗಿನ ತುದಿ ಹಿಡಿದುಕೊಂಡು, "ಹಾಂ, ಹೀಗೆ" ಅಂದ.

ಆಮೇಲಿನ ಶುಕ್ರವಾರಗಳಲ್ಲಿ ಪರಮೇಶಪ್ಪ ಹೋಟೆಲಿಗೆ ಹೋಗದೆ ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ ನೇರ ಜಗಲಿಗೇ ಬರುತ್ತಿದ್ದ. ಜಗಳದ ದನಿ ವಾರವಾರಕ್ಕೆ ಇಳಿಯುತ್ತಾ ಬಂತು. ಕೊನೆಗೆ ಪರಮೇಶಪ್ಪನೇ ಇಬ್ಬರ ಮಾತನ್ನೂ ಆಡಬೇಕಾಯಿತು. ಅವನು ತಪ್ಪಿದಲ್ಲಿ ಮಾತ್ರ ಪೂವಯ್ಯ ಬೆರಳಾಡಿಸಿ ತಿದ್ದುತ್ತಿದ್ದ. ತೋಟದಲ್ಲಿ ಕಾಫಿ ಹೂ ಬಿಡುವ ಹೊತ್ತಿಗೆ ಅವನು ಹೋದ. ತಿಥಿಯ ದಿನ ಯಮುನ ಬಟ್ಟೆಗಂಟನ್ನು ಪರಮೇಶಪ್ಪನ ಕೈಗಿಟ್ಟು, "ನಿಮಗೇ ಅಂತ ಹೇಳಿದ್ರು" ಅಂದಳು.

ಅದಾಗಿ ಕೆಲವು ದಿನಕ್ಕೆ ಪ್ರಜ್ಞೇಶ್ ಅನ್ನುವವರು ಅಂಗಡಿಗೆ ಬಂದರು. ಬ್ಯಾಂಕಿನ ಮ್ಯಾನೇಜರು, ಇತ್ತೀಚೆಗೆ ನಾಣ್ಯದ ಹುಚ್ಚು ಹತ್ತಿಸಿಕೊಂಡವರು, ಓದಿಕೊಂಡವರು, ಕಣ್ಣೂ ಪರವಾಗಿಲ್ಲ. ಪರಮೇಶಪ್ಪ ತಾನಾಗಿಯೇ ರೂಪಾಯಿ ತೆಗೆದು ಅವರ ಮುಂದೆ ಇಟ್ಟ.

"ಇದನ್ನು ಏನಂತೀರಿ?"

"ನಿಮ್ಮ ಮುಂದೆ ನಾನೇನು ಹೇಳೋದು ಸಾರ್."

"ಹೇಳಿ ಪರವಾಗಿಲ್ಲ. ನನ್ನ ಪ್ರಕಾರ ವಿಎಫ್."

ಪ್ರಜ್ಞೇಶ್ ಭೂತಗನ್ನಡಿಯಲ್ಲಿ ಕಣ್ಣಾಡಿಸಿದರು. "ಖಂಡಿತ ಸಾರ್. ವಿಎಫ್. ಕಿವಿ ಮೇಲೆ ಸವೆತ ಇದೆಯಲ್ಲ."

ಪರಮೇಶಪ್ಪ ಸ್ವಲ್ಪ ಮುಂದೆ ಬಾಗಿದ. "ಅಚ್ಚು ಬಿದ್ದಿಲ್ಲ ಅಂತಲೂ ಹೇಳಬಹುದಲ್ಲ? ಹುಟ್ಟುವಾಗಲೇ ಹಂಗೆ ಇದ್ದಿದ್ರೆ? ಆಗ ಎಕ್ಸ್‌ಎಫ್ ಆಗುತ್ತೆ."

"ಹೌದು ಸಾರ್, ಅದೂ ಸರಿ. ನೀವು ಹೇಳಿದ ಮೇಲೆ ನೋಡಿದರೆ ಎಕ್ಸ್‌ಎಫ್ ಥರಾನೇ ಕಾಣುತ್ತೆ."

"ಎರಡರಲ್ಲಿ ಒಂದು ಹೇಳ್ರೀ!" ಪರಮೇಶಪ್ಪ ಟೇಬಲ್ಲಿಗೆ ಗುದ್ದಿದ. ಗಾಜಿನ ಪೆಟ್ಟಿಗೆಯೊಳಗೆ ಕಾಲುಂಗುರಗಳು ಅದುರಿದವು.

ಪ್ರಜ್ಞೇಶ್ ಬೆಚ್ಚಿ ಎದ್ದು ನಿಂತರು. ಎದುರಿಗಿರುವವರು ವಯಸ್ಸಾದವರು, ಗೆಳೆಯನನ್ನು ಕಳೆದುಕೊಂಡವರು ಅಂತ ಅವರಿಗೂ ಗೊತ್ತಿತ್ತು. ಒಳ್ಳೆಯ ಮನುಷ್ಯ, ಕೈ ಮುಗಿದು ಮೆತ್ತಗೆ ಹೇಳಿದರು: "ನೀವು ಯಾವುದು ಹೇಳ್ತೀರೋ ಅದೇ ಸರಿ ಸಾರ್."

ಅವರು ಹೋದ ಮೇಲೆ ಪರಮೇಶಪ್ಪ ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಅವನ ಮಾತಿಗೆ ಇಲ್ಲ ಅನ್ನುವವರು ಇನ್ನು ಯಾರೂ ಇರಲಿಲ್ಲ. ಹೊರಗೆ ಕುಶಾಲನಗರದ ಬಸ್ಸಿಗೆ ಜನ ನುಗ್ಗುತ್ತಿದ್ದರು. ಅವನು ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದುಕೊಂಡು, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಚಿಕ್ಕ ಮಗುವಿನ ಹಾಗೆ ಜೋರಾಗಿ ಅತ್ತುಬಿಟ್ಟ.